ಟಾಲರಿಗೆ ಬೆಸೆದ ಕೊಂಡಿ

ನನ್ನ ಗಂಡ ಕೊರ್ಬಿನಿಯಾನ್ ಅವರ ನಾಣ್ಯದ ಪೆಟ್ಟಿಗೆಯಲ್ಲಿ ಒಂದೇ ಒಂದು ಗುಳಿ ಖಾಲಿ. ಡ್ಯಾನ್ಯೂಬ್ ದಂಡೆಯ ನಮ್ಮೂರು ಹಿಂದೆ ತಾನೇ ಅಚ್ಚು ಹಾಕುತ್ತಿದ್ದ ಬೆಳ್ಳಿ ಟಾಲರುಗಳೆಲ್ಲ ಅಲ್ಲಿವೆ, ಕಲ್ಲುಸೇತುವೆಯ ಚಿತ್ರವಿರುವ ಒಂದನ್ನು ಬಿಟ್ಟು. ಅದು ಇದ್ದದ್ದು ಇವರ ಸೋದರತ್ತೆ ವಾಲ್ಬುರ್ಗಾ ಅವರ ಗುಂಡಿ ಡಬ್ಬಿಯಲ್ಲಿ, ಹಳೇ ಕೋಟಿನ ಗುಂಡಿಗಳ ನಡುವೆ.

ಅತ್ತೆಯನ್ನು ನೆಟ್ಟಗೆ ಕೇಳಿ, ಬಾಯಿದ್ದವನು ಬರದಲ್ಲೂ ಬದುಕಿದ ಅಂತ ಇವರಿಗೆ ಎಷ್ಟು ಬಡಿದುಕೊಂಡೆ! ಕೇಳಬೇಕಲ್ಲ. ಆಸೆ ತೋರಿಸಿದರೆ ನಾಣ್ಯ ಕೈತಪ್ಪುತ್ತದೆ ಎಂಬುದು ಈ ಸಂಗ್ರಹಕಾರರ ಜಾಣತನ. ಭಾನುವಾರ ಅತ್ತೆಯ ಮನೆಗೆ ಕಾಫಿಗೆ ಹೋಗುವುದು, ಟಾಲರನ್ನು ಅಂಚು ಹಿಡಿದು ತಿರುಗಿಸಿ ನೋಡುವುದು, "ಇಂಥವು ಬೀದಿಗೆ ಹತ್ತು ಸಿಗ್ತವೆ ಅತ್ತೆ" ಎಂದು ಡಬ್ಬಿಗೆ ಹಾಕುವುದು. ಮನೆಗೆ ಬಂದ ಮೇಲೆ ನನ್ನ ತಲೆ ತಿನ್ನುವುದು: ಶತಮಾನಗಳ ಕಪ್ಪು ಹಾಗೇ ಇದೆ, ಯಾರೂ ಉಜ್ಜಿ ಬೆಲೆ ಕೆಡಿಸಿಲ್ಲ, ಇಡೀ ಜರ್ಮನಿಯಲ್ಲಿ ಅಂಥದ್ದು ಬೆರಳೆಣಿಕೆಯಷ್ಟೇ ಎಂದು. ನನಗೆ ರೋಸಿಹೋಗಿತ್ತು.

ಇವರ ಅರವತ್ತನೇ ಹುಟ್ಟುಹಬ್ಬಕ್ಕೆ ಅತ್ತೆ ಉಡುಗೊರೆ ತಂದರು. ಬಿಚ್ಚಿದರೆ ಶರಿವಾರಿ, ಹಬ್ಬದ ದಿನ ನಮ್ಮ ಗಂಡಸರು ಚರ್ಮದ ಚಡ್ಡಿಯ ಮುಂದೆ ಇಳಿಬಿಡುವ ಬೆಳ್ಳಿ ಸರ. ಅದರಲ್ಲಿ ಜಿಂಕೆಯ ಹಲ್ಲು, ಹಂದಿಯ ಕೋರೆ, ನಟ್ಟನಡುವೆ ಆ ಟಾಲರು. ಸೋಡಾ ಹಾಕಿ ತಿಕ್ಕಿದ್ದರಿಂದ ಹೊಸ ಚಮಚದಂತೆ ಫಳಫಳ ಹೊಳೆಯುತ್ತಿತ್ತು. ಸೇತುವೆಯ ನೆತ್ತಿಯ ಮೇಲೇ ಕೊಂಡಿ ಬೆಸೆದಿದ್ದರು.

ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರನ್ನು ಬೈಯಲಿ? ಅಕ್ಕಸಾಲಿಗನ ಬಳಿಗೆ ತಾವೇ ಹೋಗಿ ಕೂತು ಮಾಡಿಸಿದೆ ಎಂದು ಅತ್ತೆ ಹಿಗ್ಗಿ ಹೇಳುತ್ತಿದ್ದರು. ಎದ್ದುನಿಂತ ಇವರ ಸೊಂಟಕ್ಕೆ ತಾವೇ ಸರ ಸಿಕ್ಕಿಸಿದರು.

"ಚೆನ್ನಾಗಿದೆಯೇನೋ?"

"ತುಂಬಾ ಚೆನ್ನಾಗಿದೆ ಅತ್ತೆ," ಎಂದರು ಇವರು.

ಅತ್ತೆ ಟಾಲರನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒರೆಸಿದರು. "ನಿನ್ನ ಐವತ್ತಕ್ಕೇ ಇದನ್ನ ಹಾಗೇ ಕೊಡೋಣ ಅಂತ ಕೈಚೀಲದಲ್ಲಿ ತಂದಿದ್ದೆ ಕಣೋ. ಇದರ ಮಾತೆತ್ತಿದರೆ ಆವತ್ತೂ ನೀನು, ಬೀದಿಗೆ ಹತ್ತು ಸಿಗ್ತವೆ ಅಂದೆ. ನಾಚಿಕೆಯಾಗಿ ವಾಪಸ್ ತಗೊಂಡು ಹೋದೆ."