ಹತ್ತನೆಯ ಸಾಲಿನ ಸಹಿ

ಟಾಲಿವರ್ ಶವಸಂಸ್ಕಾರ ಗೃಹದ ಸಕಲ ಬಂಧುಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟಿರುವ ಮೂಗನ್ನು ಯಾರೂ ಬ್ರೆಡ್ಡಿಗೆ ಸವರತಕ್ಕದ್ದಲ್ಲ. ಅದು ಮೇಣದ್ದು. ಸೋಮವಾರ ಪರೀಕ್ಷೆಯಿದೆ.

ಈ ಶಾಸನವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು ಆರ್ನೆಟಾ. ಅಲಬಾಮಾದ ಆ ಪುಟ್ಟ ಊರಿನಲ್ಲಿ, ನಲವತ್ತೊಂದನೆಯ ವಯಸ್ಸಿಗೆ, ಹೆಣ ಸಿಂಗರಿಸುವ ಎರಡು ವರ್ಷದ ಡಿಗ್ರಿಗಾಗಿ ಅಕ್ಷರಶಃ ಹೆಣಗಾಡುತ್ತಿದ್ದಳು. ಮೂಗಿನ ಪರೀಕ್ಷೆ ಬಿಟ್ಟರೆ ಅವಳಿಗೆ ಉಳಿದದ್ದು ಒಂದು ದೇಹ. ಪರವಾನಗಿ ಇದ್ದವರ ಕಣ್ಣೆದುರು ಹತ್ತು ದೇಹಗಳನ್ನು ಕೆಡದಂತೆ ಮದ್ದು ತುಂಬಿ ಎಂಬಾಮ್ ಮಾಡಿ, ಕಾಲೇಜಿನ ಹಾಳೆಯ ಹತ್ತು ಸಾಲಿಗೂ ಅವರ ಸಹಿ ಹಾಕಿಸಬೇಕು. ಒಂಬತ್ತಾಗಿತ್ತು. ಆಮೇಲೆ ಊರಲ್ಲಿ ಯಾರೂ ಸಾಯಲೊಲ್ಲರು.

ಪರವಾನಗಿ ಇದ್ದವನು ಸೋದರಮಾವ ಲೂಷಿಯಸ್. ಹೃದಯ ಕೈಕೊಟ್ಟು ಹಾಸಿಗೆ ಹಿಡಿದು ತಿಂಗಳಾಗಿತ್ತು. ಬಿಳಿ ಮೀಸೆ ಮಾತ್ರ ಇನ್ನೂ ನೆಟ್ಟಗಿತ್ತು.

"ಹತ್ತನೇದು ನಾನೇ ಆಗ್ತೀನಿ ಬಿಡು," ಎಂದ.

"ಹಾಗೆಲ್ಲ ಮಾತಾಡ್ಬೇಡ ಮಾವಾ."

"ಮತ್ತೆ ಪಕ್ಕದ ಬೀದಿ ಬ್ಲೆಡ್ಸೋಗೆ ಒಪ್ಪಿಸ್ತೀಯಾ? ಆ ಪುಣ್ಯಾತ್ಮ ಸತ್ತೋರಿಗೆಲ್ಲ ಪೆನ್ಸಿಲ್ ಹಿಡ್ಕೊಂಡು ಒಂದೇ ಮೀಸೆ ಬರೀತಾನೆ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಬಾರ್ದು ಅಂತಾರೆ. ನಂದು ಮಣ್ಣಿಗೇ ಹೋಗೋದು ಕಣೇ, ನಿನ್ನ ಕೈಲಿ ಬಾಚಿಸ್ಕೊಂಡು ಹೋಗ್ಲಿ. ಮಾತು ಕೊಡು."

ಕೊಟ್ಟಳು. ಮುದುಕ ಹಾಳೆ ತರಿಸಿಕೊಂಡು ಹತ್ತನೆಯ ಸಾಲಿನಲ್ಲಿ ಮೃತರ ಹೆಸರು ಎಂಬಲ್ಲಿ ತನ್ನ ಹೆಸರು ಬರೆದ. ಮೇಲ್ವಿಚಾರಕರ ಸಹಿ ಎಂಬಲ್ಲಿ ಸಹಿ ಹಾಕಿದ. "ಆಚೆಗೂ ನಾನೇ, ಈಚೆಗೂ ನಾನೇ. ತಕರಾರು ತೆಗೆಯೋಕೆ ಮೂರನೆಯವನೇ ಇಲ್ಲ," ಎಂದು ಕೆಮ್ಮುತ್ತ ನಕ್ಕ. ಆರ್ನೆಟಾಗೂ ನಗು ಬಂತು.

ಗುರುವಾರ ಬೆಳಗ್ಗೆ ಅವಳು ಜೋಳದ ಗಂಜಿ ಒಯ್ಯುವಷ್ಟರಲ್ಲಿ ಮಾವ ಹೋಗಿಬಿಟ್ಟಿದ್ದ.

ಕೆಳಗಿನ ಕೋಣೆಯ ಮೇಜಿನ ಮೇಲೆ ಮಲಗಿಸಿ, ಕೈಗವಸು ತೊಟ್ಟು, ಮಾವನ ಬಾಚಣಿಗೆ ತೊಳೆದಿಟ್ಟಳು. ಶುರುಮಾಡುವ ಮುನ್ನ ಕಾಲೇಜಿಗೆ ತಿಳಿಸಬೇಕೆಂಬ ನಿಯಮವಿತ್ತು. ಅಲ್ಲಿನ ಮೇಡಂ ಓಗಲ್‌ಟ್ರೀಗೆ ಫೋನ್ ಮಾಡಿದಳು.

"ಮೃತರ ಹೆಸರು?"

"ಲೂಷಿಯಸ್ ಟಾಲಿವರ್."

"ಅಯ್ಯೋ ಮಗಳೇ." ಮೇಡಂ ಹೆಸರು ಬರೆದುಕೊಂಡರು. "ಮೇಲ್ವಿಚಾರಕರು?"

"ಲೂಷಿಯಸ್ ಟಾಲಿವರ್."

"ಆರ್ನೆಟಾ..."

"ಅವರು ಕೋಣೇಲಿ ಹಾಜರಿರ್ಬೇಕು ಅಂತ ತಾನೆ ಇರೋದು? ಇದಾರೆ ಮೇಡಂ. ನನ್ನ ಮುಂದೇನೇ ಇದಾರೆ."

"ಜೀವ ಇರ್ಬೇಕಮ್ಮಾ."

"ಹಾಗಂತ ಎಲ್ಲೂ ಬರ್ದಿಲ್ಲ. ಮೂರು ಸಲ ಓದಿದೀನಿ."

"ಏಳನೇ ಪುಟ ನೋಡು. ಉಸಿರಿನ ಜೊತೆಗೇ ಪರವಾನಗಿನೂ ಹೋಗತ್ತೆ. ಅವರ ಕೆಳಗಿದ್ದ ನಿನ್ನ ನೋಂದಣಿನೂ. ಇನ್ನೊಬ್ಬರ ಹೆಸರಿಗೆ ಬದಲಾಯಿಸೋಕೆ ಎರಡು ವಾರ ಬೇಕು."

"ಮಣ್ಣು ಶನಿವಾರ ಮೇಡಂ."

"ಗೊತ್ತು. ಆ ಕೋಣೇಲಿ ನೀನೀಗ ಏನೂ ಮುಟ್ಟೋ ಹಾಗಿಲ್ಲ."

"ಬಾಚಣಿಗೇನೂ?"

"ಊರಲ್ಲಿ ಪರವಾನಗಿ ಇರೋರು ಬೇರೆ ಯಾರಿದಾರೆ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಆರ್ನೆಟಾ ಮೇಜಿನ ಕಡೆ ನೋಡಲಿಲ್ಲ. ಕೈಗವಸು ಒಂದೊಂದೇ ಕಳಚಿದಳು.

ಅರ್ಧ ಗಂಟೆಯಲ್ಲಿ ಬ್ಲೆಡ್ಸೋ ಬಂದ. ಟೋಪಿ ಕೈಯಲ್ಲಿತ್ತು, ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಅಂಗಿಯ ಜೇಬಿನಲ್ಲಿ ಕಂದು ಪೆನ್ಸಿಲು.