ಖುದ್ದು ಹಾಜರಿ

"ಬಾಗಲಕೋಟಿಯ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸೋದೇನಂದ್ರ," ಲಾಡಸಾಬ ಪ್ಲಾಸ್ಟಿಕ್ ಕುರ್ಚಿ ಹತ್ತಿ ನಿಂತು ಕೂಗಿದ, "ದಿವಂಗತ ಅಮಾತೆಪ್ಪನವರ ಮೊಬೈಲು ಚಾರ್ಜಿಗೆ ಹಾಕೇವಿ. ಸದ್ಯಕ್ಕ ಶೇಕಡಾ ಹನ್ನೊಂದು. ಯಾರೂ ಪ್ಲಗ್ ಕೀಳಬಾರದು!"

"ಇಳಿಯೋ ಸಾಬಾ ಕೆಳಗ. ಸತ್ತ ಮನಿ ಇದು," ಅಂದಳು ಅಮಾತೆಪ್ಪನ ಹೆಂಡತಿ ಗುರುಲಿಂಗವ್ವ.

"ಅದಕ್ಕ ಹೇಳಾಕತ್ತೇನ್ರಿ ವೈನಿ. ಮುಂಜಾನಿಂದ ಇಪ್ಪತ್ತಾರು ಮಂದಿ ಫೋನ್ ಹಚ್ಚ್ಯಾರ. ಎತ್ತಲಿಲ್ಲಂದ್ರ ಇನ್ನೊಂದ ಮನಿನೂ…" ಆಂಬುಲೆನ್ಸ್ ಡ್ರೈವರ್ ಲಾಡಸಾಬ ಉಳಿದ ಮಾತು ನುಂಗಿ ಇಳಿದ.

ಅಮಾತೆಪ್ಪ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಕೂಡುವುದು ಹೊಸದಲ್ಲ. ಸುಮ್ಮನೆ ಕೂಡುವುದು ಹೊಸದು.

ಅಂಗಳದಲ್ಲಿ ಹೆಣ ಹೊರುವ ವಿಮಾನಕ್ಕೆ ಬಾಳೆಕಂದು ಕಟ್ಟುತ್ತಿದ್ದರು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಗಡಿಯಾರ ನೋಡಿದರು. ಮಗಳು ನೇತ್ರಾ ಬಾಗಿಲಿಗೆ ಹೋಗುವಳು, ರಸ್ತೆ ನೋಡುವಳು, ಒಳಗೆ ಬರುವಳು, ಮತ್ತೆ ಹೋಗುವಳು.

"ಅಪ್ಪನ ಆಫೀಸಿನ ಸಾಹೇಬ ಬಂದ ಬರ್ತಾನಂದಾನೇನವಾ?" ಅಯ್ಯನವರು ಕೇಳಿದರು.

"ಆರ್ಡರ್ ತರ್ತೇನಂದಾರ್ರಿ ಅಜ್ಜಾರ. ನಮ್ಮ ಕಂಟ್ರೋಲ್ ರೂಮು ತಿರಗಿ ತಗೀತಾರಂತ. ಅಪ್ಪನ ಮುಂದ ಓದಿಸೇ ಎತ್ತೂಣು."

*

ಆ ರೂಮಿನಲ್ಲಿ ಹನ್ನೆರಡು ಕುರ್ಚಿ, ಮೂರೇ ಮಂದಿ ಇದ್ದರು. ಅಪ್ಪ, ಮಗಳು ಮತ್ತು ಯಾವಾಗಲೂ ರಜೆ ಮೇಲಿದ್ದ ಒಬ್ಬ. ಮಂದಿ ಸಾಲದು ಅಂತ ಮಂದಿ ತುಂಬುವುದು ಬಿಟ್ಟು, ಎರಡು ವರ್ಷದ ಹಿಂದೆ ರೂಮನ್ನೇ ಮುಚ್ಚಿ ಕೆಲಸವನ್ನು ದೂರದ ಊರಿನ ಕಂಪನಿಗೆ ಕೊಟ್ಟರು. "ಹೊರಗುತ್ತಿಗೆ ಅಂದ್ರೇನು?" ಅಂತಿದ್ದ ಅಮಾತೆಪ್ಪ. "ಹೊರಗಿನವರ ಕೈಯಾಗ ನಮ್ಮ ಕುತ್ತಿಗಿ." ಅವನನ್ನು ಟಪಾಲು ವಿಭಾಗಕ್ಕೆ ಹಾಕಿದರು. ನೇತ್ರಾ ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಫೋನ್ ಎತ್ತಲು ಹೋದಳು.

ಆದರೆ ಊರ ಮಂದಿ ಅಮಾತೆಪ್ಪನ ಸ್ವಂತ ನಂಬರಿಗೇ ಹಚ್ಚುತ್ತಿದ್ದರು.

"ಅಮಾತಣ್ಣಾ, ನಾ ಖೈರುನಬಿ. ಸೊಸಿಗೆ ಬ್ಯಾನಿ ಸುರು ಆಗ್ಯಾವು."

"ಎಲ್ಲದಿ ಯವ್ವಾ?"

"ಗಾಣದ ಓಣ್ಯಾಗ. ಹುಣಸಿಗಿಡದ ಹಿಂದ."

ಗಾಣದ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿತ್ತು. ಮಂದಿ ನವನಗರದ ಸೆಕ್ಟರಿಗೆ ಬಂದು ಮನೆ ಕಟ್ಟಿದರೂ ಓಣಿಯ ಹೆಸರನ್ನು ಗಂಟು ಕಟ್ಟಿಕೊಂಡೇ ಬಂದಿದ್ದರು. ಹೆದರಿದಾಗ ಬಾಯಿಗೆ ಬರುವುದು ಅದೇ, ಕಂಪನಿಯ ಕಂಪ್ಯೂಟರಿನಲ್ಲಿ ಇಲ್ಲದ್ದೂ ಅದೇ. ಯಾವ ಓಣಿ ಯಾವ ಸೆಕ್ಟರಿಗೆ ಹೋಗಿ ಕೂತಿದೆ ಅನ್ನುವುದು ಅಮಾತೆಪ್ಪನ ತಲೆಯೊಳಗಿತ್ತು. ಅವನು ಕಂಪನಿಗೆ ಫೋನ್ ಹಚ್ಚಿ ಸೆಕ್ಟರು, ಅಡ್ಡರಸ್ತೆ, ಮನೆ ನಂಬರು ಹೇಳಿದ.

"ಸರ್," ಅತ್ತಲಿನ ಹುಡುಗಿ ಕಂಪ್ಯೂಟರ್ ನೋಡಿ ಅಂದಳು, "ಹೋದ ವಾರ ನಿಮಗೆ ಎದೆನೋವು ಬಂದಿತ್ತು. ನಿನ್ನೆ ಹಾವು ಕಚ್ಚಿತ್ತು. ಇವತ್ತು ಹೆರಿಗೆ ನೋವಾ?"

"ಹೌದ್ರಿ ತಂಗಿ. ಅವಳಿಜವಳಿ ಇದ್ದಂಗದಾವು. ಲಗೂನ ಗಾಡಿ ಕಳಸ್ರಿ."

*

ಸಂಗಮೇಶ ಸಾಹೇಬರ ಜೀಪು ಮೂರೂವರೆಗೆ ಬಂತು. ಹಾರ ಹಾಕಿ, ಕೈಮುಗಿದು, ಜೇಬಿನಿಂದ ಕಾಗದ ತೆಗೆದರು. ಬಾಗಲಕೋಟೆಯಲ್ಲಿ ಮತ್ತೆ ಕಂಟ್ರೋಲ್ ರೂಮು, ಎರಡು ಕುರ್ಚಿ, ಒಂದು ನೇತ್ರಾಳದು. ಮಂದಿ ಅಳುವುದನ್ನು ಬಿಟ್ಟು ಚಪ್ಪಾಳೆ ಹೊಡೆದರು. ತಪ್ಪಾಯಿತೆಂದು ತಿಳಿದು ಮತ್ತೆ ಅತ್ತರು.

"ಆದ್ರ ಒಂದ ಸಣ್ಣ ಷರತ್ತೈತಿ," ಅಂದರು ಸಾಹೇಬರು. "ಕಂಪನಿಗೆ ತಿಳೀಲಾರದ ಕಾಲ್ ಎಷ್ಟು ಅದಾವು ಅಂತ ಪುರಾವೆ ಬೇಕು."

"ಅಪ್ಪನ ಫೋನಿಂದ ಹೋದವು ನಾಕ ಸಾವಿರದ ಮ್ಯಾಲ ಅದಾವಲ್ರಿ!"

"ಅದ ತೊಡಕವಾ. ಅಷ್ಟೂ ಒಂದ ನಂಬರಿಂದ ಬಂದಾವು. ಅದಕ ಕಂಪ್ಯೂಟರು ಸೋಮವಾರ ನಿಮ್ಮಪ್ಪನ ಕಿಡಿಗೇಡಿ ಅಂತ ಬರಕೊಂಡು ಆ ನಂಬರಿಂದ ಕಂಪನಿಗೆ ಬರೂ ಕಾಲ್ ಬಂದ್ ಮಾಡೈತಿ. ಕಿಡಿಗೇಡಿ ಕಾಲ್ ಲೆಕ್ಕಕ್ಕಿಲ್ಲ. ಪುರಾವೆ ಸೊನ್ನಿ."

ನೇತ್ರಾ ನೆಲ ನೋಡುತ್ತ ನಿಂತಳು. "ಸೋಮವಾರನ?"

"ಹೂಂ."

"ಮಂಗಳವಾರ ಎದಿ ಹಿಡಕೊಂಡಾಗ ಅಪ್ಪ ಮೂರ ಸಲ ಕಂಪನಿಗೆ ಹಚ್ಚ್ಯಾರ್ರಿ. ತಮ್ಮ ಸಲುವಾಗಿ ಹಚ್ಚಿದ್ದು ಅದ ಮೊದಲು."

ಲಾಡಸಾಬ ಗೋಡೆ ಕಡೆ ತಿರುಗಿದ. "ನನ್ನ ಗಾಡಿ ಮುಂದಿನ ಅಡ್ಡರಸ್ತ್ಯಾಗ ಖಾಲಿ ನಿಂತಿತ್ತವಾ. ಚಾ ಕುಡ್ಯಾಕತ್ತಿದ್ದೆ ನಾ."

ಸಾಹೇಬರು ಕೆಮ್ಮಿದರು. "ಆ ಹೆಸರು ಅಳಸಾಕ ಒಂದ ದಾರಿ ಐತಿ. ನಂಬರಿನ ಮಾಲಕ ಖುದ್ದು ಹಾಜರಾಗಿ ಹೆಬ್ಬಟ್ಟು ಕೊಡಬೇಕು. ಇವತ್ತು ಐದರೊಳಗ. ಇಲ್ಲಂದ್ರ ಫೈಲ್ ಮುಚ್ಚತೈತಿ."

"ಖುದ್ದು ಹಾಜರ ಅದಾರಲ್ರಿ!" ಲಾಡಸಾಬ ಗರ್ರನೆ ತಿರುಗಿದ. "ಎದ್ದು ಹೋಗೂದಿಲ್ಲ, ರಜಾ ಕೇಳೂದಿಲ್ಲ. ಇದಕಿಂತ ಹಾಜರಿ ಬೇಕೇನ್ರಿ ಸರಕಾರಕ್ಕ? ಮಶೀನ್ ತಗೀರಿ."

ಸಾಹೇಬರು ಆ ಕಡೆ ಈ ಕಡೆ ನೋಡಿದರು. ಜೀಪಿನಿಂದ ಹೆಬ್ಬಟ್ಟಿನ ಮಶೀನು ಬಂತು.

"ಏ ನೇತ್ರಾ, ಬ್ಯಾಡವಾ," ಅಂದಳು ಗುರುಲಿಂಗವ್ವ. "ಫೋನ್ ಎತ್ತಿ ಎತ್ತಿ ಸತ್ತಾನ. ಈಗಾದ್ರೂ ಬಿಡ್ರಿ."

"ಒಂದ ಸಲ ಅವ್ವಾ. ನಾಳೆ ಯಾರರೆ ಗಾಣದ ಓಣಿ ಅಂದ್ರ ಯಾರಿಗೆ ತಿಳೀಬೇಕು?"

ಗುರುಲಿಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೇಡ ಅನ್ನಲಿಲ್ಲ.

ನೇತ್ರಾ ಅಪ್ಪನ ಬಲಗೈ ಹೆಬ್ಬೆರಳಿನ ವಿಭೂತಿ ಒರೆಸಿ ಗಾಜಿನ ಮೇಲೆ ಒತ್ತಿದಳು. ಮಶೀನು ಕೆಂಪಾಯಿತು. ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು.

"ಏನಂತೈತ್ರಿ?"

ಸಾಹೇಬರು ಕನ್ನಡಕ ಏರಿಸಿ ಓದಿದರು. "ಜೀವಂತ ಬೆರಳು ಪತ್ತೆಯಾಗಿಲ್ಲ." ದನಿ ತಗ್ಗಿಸಿದರು. "ತಣ್ಣಗಾದ ಬೆರಳು ತಗೊಳ್ಳಂಗಿಲ್ಲವಾ ಅದು. ನಿಯಮ." ಆರ್ಡರಿನ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು.

"ಹೊತ್ತಾತು. ಎತ್ತರ್ಯೋ," ಅಂದರು ಅಯ್ಯನವರು. ನಾಲ್ಕು ಮಂದಿ ವಿಮಾನ ತಂದು ಪಡಸಾಲೆಯ ಮೆಟ್ಟಿಲಿಗೆ ಹಚ್ಚಿದರು.

ನೇತ್ರಾ ಏಳಲಿಲ್ಲ. ಅಪ್ಪನ ಹೆಬ್ಬೆರಳನ್ನು ತನ್ನ ಎರಡೂ ಅಂಗೈ ನಡುವೆ ಹಿಡಿದು ತಿಕ್ಕತೊಡಗಿದಳು. ತಿಕ್ಕಿದಳು, ಬಾಯಿ ಹತ್ತಿರ ಒಯ್ದು ಬಿಸಿಯುಸಿರು ಊದಿದಳು, ಮತ್ತೆ ತಿಕ್ಕಿದಳು. ಹೆಗಲು ಕೊಡಲು ಬಂದವರು ಒಬ್ಬೊಬ್ಬರಾಗಿ ಹಿಂದೆ ಸರಿದು ನಿಂತರು.