ಗದ್ದುಗೆಯ ಮುಂದೆ ಇಳಿದವನು

ಸಾವಿಗೆ ಬಂದ ನೆಂಟರೆಲ್ಲ ಗಾಡಿ ಕಟ್ಟಿಕೊಂಡು ಹೋದ ಮರುದಿನ ಬೆಳಿಗ್ಗೆ ಪಿರಿಯಾಪಟ್ಟಣದ ಆ ಮನೆಯಲ್ಲಿ ಎಂದಿನಂತೆ ಒಲೆ ಹೊತ್ತಿತು. ಲಿಂಗವಂತರ ಮನೆ, ಸೂತಕವೆಂದು ಮೂಲೆ ಹಿಡಿಯುವ ಪದ್ಧತಿ ಇರಲಿಲ್ಲ. ಅತ್ತೆ ವೀರಮ್ಮ ಪೂಜೆ ಮುಗಿಸಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಸೊಸೆ ದೇವೀರಮ್ಮನಿಗೆ ಅದೇ ಕಷ್ಟವಾಯಿತು. ಮೂಲೆಯೊಂದು ಸಿಕ್ಕಿದ್ದರೆ ಸುಮ್ಮನೆ ಕುಳಿತಿರಬಹುದಿತ್ತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ಸೊಸೆ ಅಳುವುದನ್ನೂ ಮರೆತಳೆಂದು ನೆಂಟರು ಆಡಿಕೊಂಡೇ ಹೋಗಿದ್ದರು.

ಗಂಡ ಷಣ್ಮುಖಪ್ಪ ಕಂಪಲಾಪುರದ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ಮಲಗಿದರೆ ಉಸಿರು ಸಿಕ್ಕದೆ ಕಡೆಯ ಕೆಲವು ವಾರ ಗೋಡೆಗೊರಗಿ ಕುಳಿತೇ ನಿದ್ದೆ ಮಾಡಿದವನನ್ನು, ಕುಲದ ಪದ್ಧತಿಯಂತೆ ಕುಳ್ಳಿರಿಸಿಯೇ ಮಣ್ಣು ಮಾಡಿದ್ದರು. ಎದೆಗುಂಡಿಗೆ ಸೋತಿದೆ ಎಂದು ಹುಣಸೂರಿನ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ರಕ್ತವನ್ನು ಮುಂದಕ್ಕೆ ತಳ್ಳುವ ಬಲ ಅದಕ್ಕಿಲ್ಲ, ಕಾಲು ಕೇಳುವಷ್ಟು ಗಾಳಿ ಕಾಲಿಗೆ ತಲುಪುವುದಿಲ್ಲ, ನಡೆಯಲೇಬೇಡಿ ಎಂದಿದ್ದರು. ಆಗ ಅವನ ಸ್ನೇಹಿತ, ಕಂಪಲಾಪುರದ ಜವಳಿ ವ್ಯಾಪಾರಿ ಕಂಠಪ್ಪ, ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊರುತ್ತಿದ್ದ ತನ್ನ ಕುದುರೆಯನ್ನು ಮೈ ಹುಷಾರಾಗುವ ತನಕ ಸ್ಕೂಲಿಗೆ ಹೋಗಿಬರಲು ಇರಲಿ ಎಂದು ಕೊಟ್ಟಿದ್ದ.

ಮದುವೆಯಾದ ಹೊಸದರಲ್ಲಿ ಗಂಡಹೆಂಡಿರು ಸಂಜೆ ಕೆರೆ ಏರಿಯ ಮೇಲೆ ತೂಬಿನವರೆಗೆ ನಡೆದು ಬರುತ್ತಿದ್ದರು. ದೇವೀರಮ್ಮನ ನಡಿಗೆ ಜೋರು, ಅವನು ನಗುತ್ತ ಹಿಂದೆ. ಕಾಯಿಲೆ ಬಂದ ಮೇಲೆ ಅವಳು, ಗಾಡಿಯಲ್ಲಾದರೂ ಹೋಗಿ ಏರಿಯ ಮೇಲೆ ಕೂತು ಬರೋಣ ಎಂದು ಎಷ್ಟೋ ಸಲ ಕರೆದಳು. ಅವನು ಪುಸ್ತಕದಿಂದ ತಲೆಯೆತ್ತದೆ "ನಾಳೆ" ಎನ್ನುತ್ತಿದ್ದ. ಆ ನಾಳೆ ಬರಲಿಲ್ಲ. ಉಸಿರಿನ ಜೊತೆಗೆ ತನ್ನ ಮೇಲಿನ ಆಸೆಯೂ ಅವನಲ್ಲಿ ಕುಗ್ಗಿತ್ತೇ? ಇದೊಂದು ಕೇಳದೆ ಉಳಿದಿತ್ತು. ಇನ್ನು ಯಾರನ್ನು ಕೇಳುವುದು?

ಕೊಟ್ಟಿಗೆಯಲ್ಲಿ ಕುದುರೆ ಕೆನೆಯಿತು.

"ಅದನ್ನ ಕಳಿಸ್ಬೇಕು ಕಣವ್ವ," ಎಂದರು ವೀರಮ್ಮ. "ಪಾಪ, ಕಂಠಪ್ಪ ಗಂಟ ತಾನೇ ಹೊತ್ಕೊಂಡು ತಿರುಗ್ತಾವ್ನೆ. ಆಳು ಸಣ್ಣಯ್ಯಂಗೆ ಹೇಳ್ತೀನಿ, ಹೊಡ್ಕೊಂಡು ಹೋಗ್ಲಿ."

"ನಾನೇ ಹೋಗ್ತೀನಿ ಅತ್ತೆ."

"ನೀನಾ? ಊರೋರು ಏನಂದಾರು?"

"ನಮಗೆ ಸೂತಕ ಇಲ್ಲ ಅಂತೀರಲ್ಲ. ಕಾಲಿಗೆ ಮಾತ್ರ ಉಂಟಾ?"

"ನಿನ್ನ ಓದಿಸಿದೋರ್ನ ಅನ್ಬೇಕು," ಎಂದು ಗೊಣಗುತ್ತ ವೀರಮ್ಮ ಬುತ್ತಿ ಕಟ್ಟಿಕೊಟ್ಟರು.

ಊರು ದಾಟಿ ಬಹಳ ದೂರ ಕುದುರೆ ಹಗ್ಗ ಹಿಡಿದ ಅವಳ ಹಿಂದೆ ಸಲೀಸಾಗಿ ನಡೆಯಿತು. ಹಳೆಯ ಸ್ವಾಮಿಗಳೊಬ್ಬರ ಗದ್ದುಗೆಯಿರುವ ದಿಣ್ಣೆಯ ಬುಡದಲ್ಲಿ ತಟ್ಟನೆ ನಿಂತಿತು. ಹಗ್ಗ ಜಗ್ಗಿದರೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ಹೊರಟು, ನಾಲ್ಕು ಮಾರು ಹೋಗಿ ಮತ್ತೆ ನಿಂತಿತು. ನಿಂತು, ಪಕ್ಕದಲ್ಲಿ ಯಾರೋ ಇರುವಂತೆ ಕತ್ತು ತಿರುಗಿಸಿ ನೋಡಿತು.

ಅಲ್ಲೇ ಕುರಿ ಮೇಯಿಸುತ್ತಿದ್ದ ಚಿಕ್ಕಬೀರಮ್ಮ ಎದ್ದು ಬಂದಳು. "ಎಳೀಬ್ಯಾಡ ಕಣವ್ವ. ಅದು ಮೇಷ್ಟ್ರ ಕುದ್ರೆ, ನಿಂತ್ ನಿಂತೇ ಓಗದು. ನೀನು ಮೇಷ್ಟ್ರ ಮನೆಯೋಳಾ? ಓಗ್ಬುಟ್ರಂತಲ್ಲವ್ವ ಪುಣ್ಯಾತ್ಮ."

"ಅವರು ಇಲ್ಲಿ ಇಳೀತಿದ್ದರಾ?"

"ದಿನಾ ಇಳಿಯೋರು. ಗದ್ದುಗೆ ಮುಂದೆ ಸವಾರಿ ಮಾಡ್ಕಂಡು ಓಗಕಾಯ್ತದಾ? ಬ್ಯಾರೆಯೋರು ಗದ್ದುಗೆ ದಾಟುತ್ಲೂವೆ ತಿರುಗಾ ಕುದ್ರೆ ಏರ್ಕತಾರೆ. ಮೇಷ್ಟ್ರು ಏರ್ಕತಿರ್ನಿಲ್ಲ. ಮೊದ್ಲು ಆ ಬೇವಿನ ಮರದ ಗಂಟ ನಡೆದ್ರು. ಆಮೇಕೆ ಆ ಉಣ್ಸೆ ಮರದ ಗಂಟ. ಜೂಲು ಇಡ್ಕಂಡು ನಿಂತು, ಉಸ್ರು ಎಳ್ಕಂಡು, ತಿರುಗಾ ನಡೆಯೋರು. ದಿನಾ ಒಸಿ ಒಸಿ ಜಾಸ್ತಿ. ಅಂಗೆ ಬೆಳೆಯೋ ಬಕ್ತಿಯ ನಾ ಎಲ್ಲೂ ಕಾಣೆ. ಅವ್ರ ನೋಡಿ ನಾನೂವೆ ದಿನಾ ಕೈ ಮುಗಿಯಕೆ ಸುರು ಮಾಡ್ದೆ."

ದೇವೀರಮ್ಮ ಗದ್ದುಗೆಯತ್ತ ನೋಡಿದಳು. ಷಣ್ಮುಖಪ್ಪ ತಾಯಿಯ ಕಣ್ಣಿಗೆ ಹೆದರಿ ವಿಭೂತಿ ಹಚ್ಚಿಕೊಳ್ಳುತ್ತಿದ್ದವನು. ಅವನು ಇಲ್ಲಿ ಇಳಿದದ್ದು ಸ್ವಾಮಿಗಳಿಗಾಗಿ ಅಲ್ಲ.

"ಏನಾದರೂ ಹೇಳ್ತಿದ್ದರಾ?"

"ಏನೇಳಾರು, ಉಸ್ರೇ ಇರ್ತಿರ್ನಿಲ್ವಲ್ಲ! ಒಂದಿನ ಮಾತ್ರ ಆ ಮೋರಿ ಗಂಟ ನಡೆದ್ಬುಟ್ರು. ಬಲು ಖುಸಿ. 'ಇಷ್ಟು ನಡೆದ್ರೆ ಪಟ್ಣದ ಕೆರೆ ಏರಿ ಅಷ್ಟಾದಾತಾ ಚಿಕ್ಕಬೀರಮ್ಮ, ತೂಬು ಸಿಕ್ಕಾತಾ?' ಅಂದ್ರು. 'ಎಲ್ಲಿ ಬಂತು ಬುಡಿ, ಅರ್ದಾನೂ ಇಲ್ಲ' ಅಂದೆ. 'ಅಂಗಾದ್ರೆ ನಾಳೆ' ಅಂದು ನಕ್ಕಂಡು ಓದ್ರು."

ದೇವೀರಮ್ಮನ ಕೈ ಕುದುರೆಯ ಜೂಲನ್ನು ಹಿಡಿಯಿತು. "ಆಮೇಲೆ?"

"ಆಮೇಕೆ ಕಾಲು ಊದ್ಕಂಡ್ವು. ತಿರುಗಾ ಬೇವಿನ ಮರಕ್ಕೇ ಬಂದ್ರು."

ಅವಳು ಹಗ್ಗ ಸಡಿಲಬಿಟ್ಟಳು. ಕುದುರೆ ನಿಂತಲ್ಲೆಲ್ಲ ನಿಂತಳು, ಹೊರಟಾಗ ಹೊರಟಳು. ಆ ದಿಣ್ಣೆ ಹತ್ತುವಾಗ ಅವಳಿಗೆ ಒಂದಿಷ್ಟೂ ಏದುಸಿರು ಬರಲಿಲ್ಲ; ಎದೆ ತುಂಬ ಸಿಗುತ್ತಿದ್ದ ಗಾಳಿ ಬರೀ ದಂಡವೆನಿಸಿತು. ಬೇವಿನ ಮರದಡಿ, ಹುಣಸೆಯಡಿ, ಮೋರಿಯ ಕಟ್ಟೆಯ ಹತ್ತಿರ ಅವನು ನಿಂತಷ್ಟು ಹೊತ್ತು ಅವಳೂ ನಿಂತಳು. ಮೋರಿ ದಾಟಿದ ಮೇಲೆ ಕುದುರೆ ಎಲ್ಲಿಯೂ ನಿಲ್ಲಲಿಲ್ಲ. ಅದನ್ನು ತಿರುಗಿಸಿ, ದಿಣ್ಣೆಯ ಬುಡಕ್ಕೆ ಮತ್ತೊಮ್ಮೆ ಕರೆದೊಯ್ಯಬೇಕು, ಕೊಡದೆ ಮನೆಗೇ ಹೊಡೆದುಕೊಂಡು ಹೋಗಬೇಕು ಎನಿಸಿತು. ಆದರೂ ಕಂಪಲಾಪುರದತ್ತ ನಡೆದಳು.

ಕಂಠಪ್ಪ ಅಂಗಡಿಯಿಂದ ಬರಿಗಾಲಲ್ಲಿ ಓಡಿ ಬಂದ. "ಅಯ್ಯೋ ತಾಯಿ, ನೀವ್ಯಾಕೆ ಬರಕೋದ್ರಿ? ಹೇಳಿ ಕಳಿಸಿದ್ರೆ ನಾನೇ ಬತ್ತಿದ್ನಲ್ಲ."

"ನಿಮ್ಮ ಕುದುರೆ ಕಂಠಪ್ಪನೋರೆ. ಗದ್ದುಗೆ ದಿಣ್ಣೆಯಲ್ಲಿ ನಿಲ್ಲೋ ಅಭ್ಯಾಸ ಆಗಿದೆ ಅದಕ್ಕೆ."

"ನಿಲ್ತದಾ? ಗಂಟು ಹೊರೋ ಕುದ್ರೆ ನಿಂತ್ರೆ ನಾ ಹೋಗೋದ್ರೊಳಗೆ ಸಂತೆ ಮುಗ್ದೋಯ್ತದೆ. ಎರಡು ಬಿಗುದ್ರೆ ಸರಿಹೋಯ್ತದೆ ಬುಡಿ ತಾಯಿ."

ಅವನು ಕೈ ಚಾಚಿದ. ಹಗ್ಗ ಅವಳ ಮುಷ್ಟಿಯಲ್ಲೇ ಉಳಿಯಿತು.

"ಅದೊಂದು ದಿಣ್ಣೆಯಲ್ಲಿ ಮಾತ್ರ ಹೊಡೀಬೇಡಿ," ಎಂದಳು ದೇವೀರಮ್ಮ. "ಉಸಿರು ತಗೊಂಡು ತಾನೇ ಹೊರಡುತ್ತೆ."

ಕಂಠಪ್ಪ ಅವಳ ಮುಖ ನೋಡಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. "ಹೊಡಿಯಕಿಲ್ಲ ತಾಯಿ," ಎಂದ.

ಅವಳು ಬೆರಳುಗಳನ್ನು ಬಿಡಿಸಿ ಹಗ್ಗವನ್ನು ಅವನ ಕೈಗಿಟ್ಟಳು.